ಬ್ಲೀಚಿಂಗ್ ಪೌಡರಿನ ಶಾಲು

13 ಫೆಬ್ರವರಿ 2025, ಗುರುವಾರ
ಖೂಬಾ ಪ್ಲಾಟ್

ದೌಲಪ್ಪನ ನಗು ಕಣ್ಣೆದುರಿನಿಂದ ಹೋಗುತ್ತಲೇ ಇಲ್ಲ. ಊಟವೂ ಸೇರಲಿಲ್ಲ.

ಕಮಲಾಪುರದ ಸಂತೆಯ ಹಿಂದಿನ ಹೊಂಡದಲ್ಲಿ ಚರಂಡಿ ನೀರು ನಿಂತು ವರ್ಷಗಳಾಗಿದ್ದವು. ಆ ಹೊಲಸನ್ನು ತಿಂದು ನೀರು ತಿಳಿಯಾಗಿಸುವ ಬ್ಯಾಕ್ಟೀರಿಯಾವನ್ನು ಡ್ರಮ್ಮಿನಲ್ಲಿ ಬೆಲ್ಲ ಹಾಕಿ ಬೆಳೆಸಿ, ದೀಪಾವಳಿಯಿಂದ ಹೊಂಡಕ್ಕೆ ಬಿಡುತ್ತಾ ಬಂದಿದ್ದೆ. ಮೊನ್ನೆಯಷ್ಟೇ ದಂಡೆಯ ಹತ್ತಿರ ತಳ ಕಂಡಿತ್ತು. ಕಪ್ಪೆಗಳೂ ಬಂದಿದ್ದವು.

ಇವತ್ತು ಅತಿಥಿಗಳು ನೋಡಲು ಬರುವವರಿದ್ದರು. ನಾನು ಬಸ್ಸಿಳಿದು ಹೋಗುವಷ್ಟರಲ್ಲಿ, ಹೊಂಡದ ಸಮಿತಿಯ ಅಧ್ಯಕ್ಷನಾದ ಈ ದೌಲಪ್ಪ ಚೀಲಗಟ್ಟಲೆ ಬ್ಲೀಚಿಂಗ್ ಪೌಡರ್ ಸುರಿಸಿ ಮುಗಿಸಿದ್ದ.

“ಇದ್ಯಾಕ ಹಾಕ್ಸಿದ್ರಿ?” ಎಂದೆ.

“ದೊಡ್ಡ ಮಂದಿ ಬರಾಕತ್ತಾರ್ರಿ ಮೇಡಂ. ವಾಸನಿ ಬರಬಾರದು.”

“ನನ್ನ ಬ್ಯಾಕ್ಟೀರಿಯಾ ಎಲ್ಲಾ ಸತ್ತು ಹೋದ್ವಲ್ರೀ.”

“ಕ್ರಿಮಿ ಸಾಯಲಿ ಅಂತನೇ ಹಾಕ್ಸೀನ್ರಿ,” ಎಂದು ನಕ್ಕ.

ಹೊಂಡ ಶುದ್ಧವಾಗುವುದು ಈ ಮನುಷ್ಯನಿಗೆ ಎಂದೂ ಬೇಕಿರಲಿಲ್ಲ. ಬಂದವರ ಮೂಗಿನದಷ್ಟೇ ಚಿಂತೆ. ಸತ್ತ ಕಪ್ಪೆಗಳು ಕಾಣದಂತೆ ದಂಡೆಯುದ್ದಕ್ಕೂ ಹೂಕುಂಡ ಇಡಿಸಿದ್ದ.

ಅತಿಥಿಗಳು ಉಸಿರೆಳೆದು ನೋಡಿ ಚಪ್ಪಾಳೆ ತಟ್ಟಿದರು. ಎಲ್ಲ ನನ್ನ ಬ್ಯಾಕ್ಟೀರಿಯಾದ ಮಹಿಮೆ ಎಂದು ದೌಲಪ್ಪನೇ ಮೈಕಿನಲ್ಲಿ ಕೂಗಿ, ನನಗೆ ಶಾಲು ಹೊದಿಸಿದ. ಕಪಾಳಕ್ಕೆ ಬಿಡಬೇಕಿತ್ತು. ಕೈ ಮುಗಿದೆ.

ಅವನ ಕೈಗೆ ಹತ್ತಿದ್ದ ಪೌಡರ್ ಶಾಲಿಗೂ ಹತ್ತಿದೆ. ಕೋಣೆಯ ತುಂಬ ಅದೇ ಘಾಟು. ತೆಗೆದು ಹೊರಗೆಸೆಯಲೂ ಏಳಲಾಗುತ್ತಿಲ್ಲ.

ಸಂಜೆ ನನ್ನನ್ನು ಬಸ್ ಹತ್ತಿಸಲು ಬಂದ ದೌಲಪ್ಪ ಕಿಟಕಿಯಲ್ಲಿ ಮುಖ ಇಟ್ಟು ಹೇಳಿದ್ದ: “ಬಾಜೂ ಊರಿನ ಹೊಂಡನೂ ಹಿಂಗೇ ಮಾಡೂಣ್ರಿ ಮೇಡಂ. ಬ್ಯಾಕ್ಟೀರಿಯಾ ನಿಮ್ದು, ಪೌಡರ್ ನಮ್ದು.”