ಅಪ್ಪನಿಗೆ ತಿಳಿಯದ ಮಾತು

ಯರಗುಪ್ಪಿ, ಭಾನುವಾರ

ಪ್ರೀತಿಯ ಅಪ್ಪನಿಗೆ,

ಮೊನ್ನೆ ವಿಡಿಯೊ ಕರೆಯಲ್ಲಿ ನಾನು, "ಊಟ ಆತೇನಪಾ? ಗುಳಿಗಿ ತೊಗೊಂಡಿಯಿಲ್ಲ?" ಎಂದೆ. ಕಿವಿ ಕೇಳಿಸದಿದ್ದರೂ ನನ್ನ ತುಟಿ ನೋಡಿಯೇ ಇಷ್ಟು ವರ್ಷ ಮಾತು ತಿಳಿದುಕೊಂಡವನು ನೀನು. ಅವತ್ತು ಮಾತ್ರ ಅವ್ವನ ಕಡೆ ತಿರುಗಿ, "ಏನಂತಾವಳೆ?" ಎಂದು ಕೇಳಿದೆ. ಈ ಶಾಲೆಯ ಮಕ್ಕಳಿಗೆ ಪಾಠ ಹೇಳಿ ಹೇಳಿ ನನ್ನ ಬಾಯಿ ಇಲ್ಲಿಯದಾಗಿದೆ ಎಂದು ನನಗೇ ಗೊತ್ತಿರಲಿಲ್ಲ.

ಅಂದಿನಿಂದ ಕನ್ನಡಿ ಮುಂದೆ ನಿಂತು ನಮ್ಮ ಮಳವಳ್ಳಿಯ ಮಾತು ಆಡಿ ನೋಡುತ್ತಿದ್ದೇನೆ. ನಿನ್ನೆ ಮನೆಯೊಡತಿ ನೀಲಕ್ಕ ಬಾಗಿಲಲ್ಲಿ ನಿಂತು, "ಯಾರ ಜೋಡಿ ಮಾತಾಡಾಕತ್ತೀರಿ, ಅಕ್ಕೋರ?" ಎಂದರು.

"ನಮ್ಮಪ್ಪನ ಜೋಡಿರಿ" ಎಂದೆ.

ವಿಷಯವೆಲ್ಲ ಕೇಳಿ ಅವರು, "ಹಂಗಾರ ನನಗೂ ನಿಮ್ಮೂರ ಮಾತು ಕಲಸ್ರಿ. ನಿಮ್ಮ ಜೋಡಿ ಹಂಗ ಮಾತಾಡ್ತೇನಿ. ರೂಢಿ ತಪ್ಪೂದಿಲ್ಲ" ಎಂದರು. ಒಂದೆರಡು ಮಾತು ಹೇಳಿಕೊಟ್ಟೆ.

ನಾನು ಆರೋಗ್ಯವಾಗಿದ್ದೇನೆ, ಜೋಳದ ರೊಟ್ಟಿ ಒಗ್ಗಿದೆ. ನೀನು ಬಿ.ಪಿ. ಮಾತ್ರೆ ಬಿಡಬೇಡ. ದಸರಾ ರಜೆಗೆ ಖಂಡಿತ ಬರುತ್ತೇನೆ.

ಇದನ್ನು ಬರೆಯುತ್ತಿರುವಾಗಲೇ ನೀಲಕ್ಕ ಒಲೆಯ ಮುಂದಿನಿಂದ, "ಉಣ್ಣಕ್ ಬಾ ಮಗಾ!" ಎಂದು ಕೂಗಿದರು. ರಾಗ ಇಲ್ಲಿಯದು, ಮಾತು ನಿನ್ನದು. ನೀನೇ ಕರೆದಂತಾಗಿ, "ಬತ್ತೀನಿ ಕಣಪ್ಪಾ" ಎಂದು ಎದ್ದೇಬಿಟ್ಟೆ. ನೀಲಕ್ಕ ನಗಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

ನಿನ್ನ ಮಗಳು,
ಶಶಿಕಲಾ