ನೆಲ ಮುಟ್ಟಿದ ಚೆಂಡು

ಆಂಟಿಗೊ, ವಿಸ್ಕಾನ್ಸಿನ್
ಸೋಮವಾರ, ನವೆಂಬರ್ 23, 2015

ಪ್ರೀತಿಯ ಎಲ್ಡನ್,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಉಣ್ಣೆಯ ಕಾಲುಚೀಲ ಎರಡು ಜೊತೆ ಹಾಕಿಕೋ, ಒಲೆ ಆರಲು ಬಿಡಬೇಡ. ಆ ಕಾಡಿನಲ್ಲಿ ಫೋನು ಹಿಡಿಯುವುದಿಲ್ಲವಾದ್ದರಿಂದ ಈ ಕಾಗದವನ್ನು ನಿನ್ನ ತಮ್ಮ ರಸೆಲ್ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ಕುಂಬಳಕಾಯಿ ಬ್ರೆಡ್ಡೂ ಇದೆ, ದಾರಿಯಲ್ಲಿ ಅವನು ತಿಂದು ಉಳಿದರೆ ನಿನಗೆ. ಜಿಂಕೆ ಸಿಕ್ಕಿತೇ? ಸಿಗದಿದ್ದರೆ ಅದಕ್ಕೂ ರೆಫರಿಯೇ ಕಾರಣ ಎನ್ನಬೇಡ.

ಇಲ್ಲಿ ಎಲ್ಲರೂ ಕ್ಷೇಮ. ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಹದಿನೆಂಟು ಪೌಂಡಿನ ಟರ್ಕಿ ಕೋಳಿ ತಂದಿಟ್ಟಿದ್ದೇನೆ. ಅದನ್ನು ಕೊಯ್ದು ಬಡಿಸಬೇಕಾದ ಯಜಮಾನ ಮಾತ್ರ "ಆ ಪಟ್ಟೆ ಅಂಗಿಯವನು ಕೂತ ಮೇಜಿಗೆ ನಾನು ಬರಲ್ಲ" ಎಂದು ಬಂದೂಕು ಹೆಗಲಿಗೇರಿಸಿ ಕಾಡು ಸೇರಿದ್ದಾನೆ. ಗ್ರೆಗ್ ನಮ್ಮ ಅಳಿಯ ಕಣೋ! ಶುಕ್ರವಾರ ಸಂಜೆ ಪಟ್ಟೆ ಅಂಗಿ ತೊಟ್ಟು ಶಾಲೆ ಹುಡುಗರ ಫುಟ್‌ಬಾಲ್ ಆಟಕ್ಕೆ ರೆಫರಿಯಾಗಿ ಸೀಟಿ ಊದುತ್ತಾನೆ ಎನ್ನುವುದೊಂದೇ ಅವನ ತಪ್ಪು.

ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ ಟಿವಿಯ ಫುಟ್‌ಬಾಲ್ ಆಟದಲ್ಲಿ ನಮ್ಮ ಕಡೆಯವನು ಹಾರಿ ಚೆಂಡು ಹಿಡಿದ, ಎರಡು ಕಾಲೂ ಊರಿದ, ಬೀಳುವಾಗ ಚೆಂಡು ನೆಲಕ್ಕೆ ತಗುಲಿ ಕೈಯಲ್ಲೇ ಹೊರಳಿತು. ಕ್ಯಾಚ್ ಅಲ್ಲ ಎಂದರು, ನಾವು ಸೋತೆವು. "ಕಣ್ಣಿಗೇನು ಪೊರೆ ಬಂದಿದ್ಯಾ?" ಎಂದು ನೀನು ಟಿವಿಗೆ ಬೈಯುತ್ತಿದ್ದಾಗ ಗ್ರೆಗ್ ಚೀಸ್ ತಿನ್ನುತ್ತಾ ಸುಮ್ಮನಿರಬೇಕಿತ್ತು. "ಬಿದ್ದು ಮುಗಿಯೋವರೆಗೂ ಚೆಂಡು ಗಟ್ಟಿಯಾಗಿ ಕೈಲಿರ್ಬೇಕು ಮಾವ. ನೆಲದ ಸಹಾಯ ತಗೊಂಡ್ರೆ ಅದು ಕ್ಯಾಚಲ್ಲ" ಅಂದುಬಿಟ್ಟ. ನೀನು ಗೋಡೆಯ ಮೇಲಿನ ನಿನ್ನ ಹಳೆಯ ಫೋಟೊ ತೋರಿಸಿ, "ಏನಯ್ಯಾ, ನನಗೇ ಕ್ಯಾಚ್ ಹೇಳ್ಕೊಡ್ತೀಯಾ? ಎಪ್ಪತ್ನಾಲ್ಕರಲ್ಲಿ ಈ ಊರಿಗೆ ಕಪ್ ತಂದೋನು ನಾನು!" ಎಂದು ಮನೆ ಹಾರಿಹೋಗುವಂತೆ ಕೂಗಿದೆ.

ಈಗ ಊರೇ ಎರಡು ಪಂಗಡ. ನಿನ್ನೆ ಚರ್ಚಿನಲ್ಲಿ ಕಾಫಿ ಕುಡಿಯುವಾಗ ಪಾಸ್ಟರ್ ಒಂದು ಬನ್ನು ಎಸೆದು, ಹಿಡಿದು, ಬಿದ್ದು ತೋರಿಸಲು ಹೋಗಿ ಸೊಂಟ ಉಳುಕಿಸಿಕೊಂಡರು. ಬನ್ನು ಮಾತ್ರ ಕೈಬಿಡಲಿಲ್ಲ. ನಕ್ಕು ನಕ್ಕು ನನಗೆ ಕಣ್ಣಲ್ಲಿ ನೀರು ಬಂತು. ಆದರೆ ನಮ್ಮ ಮಗಳು ಜೊಲೀನ್ ನಗಲಿಲ್ಲ. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು "ಅಪ್ಪ ಬರದಿದ್ರೆ ನಾವೂ ಬರಲ್ಲಮ್ಮ" ಅಂದಳು. ಹದಿನೆಂಟು ಪೌಂಡಿನ ಕೋಳಿಯ ಮುಂದೆ ನಾನೊಬ್ಬಳೇ ಕೂರಲೇ?

ಶನಿವಾರ ಗ್ರೆಗ್ ತಾನಾಗಿಯೇ ಬಂದು ನಮ್ಮ ಅಂಗಳದ ಹಿಮ ತೆಗೆದ. "ಮಾವ ಬರೋದಾದ್ರೆ ಅದು ಕ್ಯಾಚೇ ಅಂತ ಒಪ್ಕೊಂಡುಬಿಡ್ತೀನಿ ಅತ್ತೆ" ಅಂದ. ಬೇಡಪ್ಪ ಅಂದೆ. ಸುಳ್ಳು ಹೇಳಲು ಹೊರಟರೆ ಅವನ ಕಿವಿ ಕೆಂಪಾಗುತ್ತದೆ.

ದೇವರು ನಿನ್ನನ್ನೂ, ನಿನ್ನ ಗುರಿಗೆ ಅಡ್ಡ ಬರುವ ಬಡಪಾಯಿ ಜಿಂಕೆಯನ್ನೂ ಕಾಪಾಡಲಿ.

ನಿನ್ನ,
ಆರ್ಡಿಸ್

ತಾ.ಕ.: ರಸೆಲ್ ಹೊರಗೆ ಹಾರ್ನ್ ಬಾರಿಸುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಎಪ್ಪತ್ನಾಲ್ಕರಲ್ಲಿ ನೀನು ಕಪ್ ಗೆದ್ದುಕೊಟ್ಟ ಆ ಕ್ಯಾಚಿನ ದಿನ ನಾನು ಶಾಲೆಯ ಬ್ಯಾಂಡಿನಲ್ಲಿ ಕೊಳಲು ಹಿಡಿದು, ನೀನು ಬಿದ್ದ ಜಾಗದಿಂದ ಎರಡೇ ಮಾರು ದೂರದಲ್ಲಿ ನಿಂತಿದ್ದೆ. ಚೆಂಡು ನೆಲಕ್ಕೆ ಬಡಿದು ಪುಟಿದ ಮೇಲೆಯೇ ನಿನ್ನ ತೋಳಿಗೆ ಬಂತು. ರೆಫರಿಗೆ ನಿನ್ನ ಬೆನ್ನು ಅಡ್ಡವಿತ್ತು, ನನಗಿರಲಿಲ್ಲ. ಅಲ್ಲಿಯವರೆಗೆ ನನ್ನನ್ನು ಕಂಡರೆ ತಲೆ ತಗ್ಗಿಸುತ್ತಿದ್ದವನು ಆ ಗೆಲುವಿನ ಹುಮ್ಮಸ್ಸಿನಲ್ಲೇ ಓಡಿಬಂದು "ನನ್ನ ಜೊತೆ ಡ್ಯಾನ್ಸಿಗೆ ಬರ್ತೀಯಾ?" ಎಂದು ಕೇಳಿದೆ. ನಾನೇಕೆ ಬಾಯಿ ಬಿಡಲಿ? ನಲವತ್ತೊಂದು ವರ್ಷ ಬಿಟ್ಟಿಲ್ಲ. ಗುರುವಾರ ಹನ್ನೆರಡಕ್ಕೆ ಕೋಳಿ ಒಲೆಯಿಂದ ಇಳಿಯುತ್ತದೆ. ನೀನು ಬಂದು ಮೊದಲ ತುಂಡನ್ನು ಗ್ರೆಗ್ ತಟ್ಟೆಗೆ ಹಾಕಿದರೆ, ಇನ್ನೂ ನಲವತ್ತೊಂದು ವರ್ಷ ಬಿಡುವುದಿಲ್ಲ.