ನಾಲ್ಕನೇ ನಂಬರಿನ ಸೀಲು

ವನಜಾ,

ಇವತ್ತು ಬ್ರಹ್ಮಾವರದ ಒಬ್ಬರು ನಮ್ಮಲ್ಲಿ ಕೊಂಡ ಚರ್ಮದ ಬ್ಯಾಗನ್ನು ವಾಪಸ್ ತಂದಿದ್ದರು. ಅಷ್ಟು ದುಬಾರಿ ಬ್ಯಾಗಿನ ಹಿಡಿಕೆಯ ಹೊಲಿಗೆಯೇ ಬಿಟ್ಟುಹೋಗಿತ್ತು. ಒಳಗಿನ ಚೆಕಿಂಗ್ ಚೀಟಿಯಲ್ಲಿ ನಾಲ್ಕನೇ ನಂಬರಿನ ಸೀಲು, ನಿನ್ನದು. ನಮ್ಮ ಧಣಿ ಗುಣಪಾಲಣ್ಣ ಅವರಿಗೆ ಹೊಸ ಬ್ಯಾಗ್ ಕೊಟ್ಟು ಕೈಮುಗಿದು ಕಳಿಸಿದರು. ಆಮೇಲೆ ನನ್ನ ಹತ್ತಿರ, "ಕಂಡ್ಯಾ? ವನಜನ್ನ ಕೆಲ್ಸದಿಂದ ತೆಗ್ದದ್ದೇ ಲಾಯ್ಕ್ ಆಯ್ತ್" ಅಂದರು.

ನಾನು "ಹೌದ್" ಅಂದೆ.

ಚೀಟಿ ಇನ್ನೂ ಅವರ ಮೇಜಿನ ಮೇಲೇ ಇದೆ, ತಾರೀಕನ್ನು ಅವರು ನೋಡಿಲ್ಲ. ಅದು ನಿನ್ನ ಅಮ್ಮನ ಆಪರೇಷನ್ ದಿನ. ನೀನು ಕುಂದಾಪುರದ ಆಸ್ಪತ್ರೆಯಲ್ಲಿದ್ದೆ.

ಆವತ್ತು ನನ್ನ ಸೀಲು ನನ್ನ ಕೈಯಲ್ಲೇ ಇತ್ತು, ವನಜಾ. ಹೊಲಿಗೆ ಸಡಿಲ ಅಂತ ಗೊತ್ತಾದ ಮೇಲೆಯೇ ಅದನ್ನು ಕೆಳಗಿಟ್ಟು ನಿನ್ನ ಸೀಲಿದ್ದ ಡ್ರಾಯರ್ ತೆರೆದದ್ದು.